ಟವೆಲ್ ಹಾಕಿದ ಸೀಟು

ಕುಣಿಗಲ್‌ನ ಒಂದು ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಮಿಸ್ಸು. ಒಂದು ದಿನ ಎಂಟನೇ ತರಗತಿಯ ಮಕ್ಕಳಿಗೆ ‘ಸೀಟು’ ಎನ್ನುವ ಪದವನ್ನು ಸ್ವಂತ ವಾಕ್ಯದಲ್ಲಿ ಬಳಸಿ ಎಂದು ಹೇಳಿ ಕೂತೆ. ನಿಘಂಟಿನಲ್ಲಿ ಮೊದಲಿಗೇ ಸಿಗುವ ಅರ್ಥ ಕೂರುವ ಜಾಗ. ಮಕ್ಕಳು ಬರೆದುಕೊಟ್ಟ ವಾಕ್ಯಗಳಲ್ಲಿ ಕೂರುವ ಜಾಗ ಎಲ್ಲೋ ಒಂದೆರಡು ಕಡೆ ಇತ್ತು. ಒಬ್ಬಳ ಅಣ್ಣನಿಗೆ ಡಿಪ್ಲೊಮಾ ಸೀಟು ಸಿಕ್ಕಿತ್ತು. ಒಬ್ಬನ ದೊಡ್ಡಪ್ಪ ಪಂಚಾಯ್ತಿ ಸೀಟಿಗೆ ನಿಂತು ಸೋತು, ಈಗ ಮನೆಯಲ್ಲಿ ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ಇನ್ನೊಬ್ಬಳ ತಾಯಿ ಒಂದು ಸರ್ಟಿಫಿಕೇಟಿಗಾಗಿ ನಾಲ್ಕು ಸಲ ಹೋದರೂ ಸಾಹೇಬರು ಸೀಟಲ್ಲಿ ಇರಲಿಲ್ಲ. ಟೈಲರ್ ಮನೆಯ ಹುಡುಗಿಯೊಬ್ಬಳು, ಪ್ಯಾಂಟು ಹೊಲಿಯುವಾಗ ಸೀಟಿನ ಅಳತೆ ತಪ್ಪಿದರೆ ಗಿರಾಕಿ ಕೂರಲಾರ, ಕೂತರೆ ಏಳಲಾರ ಎಂದು ಬರೆದಿದ್ದಳು. ಅವಳಿಗೆ ಹತ್ತಕ್ಕೆ ಹತ್ತು ಕೊಟ್ಟೆ.

ನನಗೆ ಈ ಪದವನ್ನು ಕಲಿಸಿದ್ದು ನಿಘಂಟಲ್ಲ, ನಮ್ಮಪ್ಪ. ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಸೀಟು ಎಂಬ ಒಂದು ಪದ ಅವನಿಗೆ ಗೊತ್ತಿರುವಷ್ಟು ಆಳವಾಗಿ ಅದನ್ನು ಹುಟ್ಟಿಸಿದ ಇಂಗ್ಲಿಷರಿಗೂ ಗೊತ್ತಿರಲಾರದು.

ಅಪ್ಪ ತುಮಕೂರಿನ ಒಂದು ಆಫೀಸಿನಲ್ಲಿ ಅಟೆಂಡರ್ ಆಗಿದ್ದ. ನಮ್ಮ ಮನೆ ಗುಬ್ಬಿಯಲ್ಲಿ. ದಿನಾ ಬೆಳಿಗ್ಗೆ ಗುಬ್ಬಿಯಿಂದ ತುಮಕೂರಿಗೆ, ಸಾಯಂಕಾಲ ತುಮಕೂರಿನಿಂದ ಗುಬ್ಬಿಗೆ ಬಸ್ಸು. ಹೀಗೆ ರಿಟೈರ್ ಆಗುವವರೆಗೆ. ಬೆಳಗಿನ ಬಸ್ಸಿಗೆ ಕಾಲೇಜಿನವರು, ಆಸ್ಪತ್ರೆಗೆ ಹೋಗುವವರು, ಕೋರ್ಟಿಗೆ ಹೋಗುವವರು ಎಲ್ಲ ಒಟ್ಟಿಗೆ ಮುಗಿಬೀಳುತ್ತಿದ್ದರು. ಬಸ್ಸು ಸ್ಟ್ಯಾಂಡಿನೊಳಗೆ ತಿರುಗಿ ನಿಲ್ಲುವುದಕ್ಕೆ ಮುಂಚೆಯೇ ಅಪ್ಪ ಅದರ ಜೊತೆಗೇ ಓಡಿ, ಹಸಿರು ಅಂಚಿನ ಟವೆಲ್ಲನ್ನು ಹೆಗಲಿಂದ ಎಳೆದು ಕಿಟಕಿಯೊಳಕ್ಕೆ ಬೀಸಿ ಎಸೆಯುತ್ತಿದ್ದ. ಆಮೇಲೆ ಅವಸರವಿಲ್ಲ. ಎಲ್ಲರೂ ಬಾಗಿಲಲ್ಲಿ ಗುದ್ದಾಡುತ್ತಿದ್ದರೆ ಅಪ್ಪ ಬೀಡಿ ಮುಗಿಸಿ, ಕೊನೆಯವನಾಗಿ ಹತ್ತಿ, ಮದುಮಗನ ಹಾಗೆ ನಡೆದು ಹೋಗಿ ತನ್ನ ಟವೆಲ್ಲಿನ ಪಕ್ಕ ನಿಲ್ಲುತ್ತಿದ್ದ. ಒಂದು ಗಳಿಗೆ ಹಾಗೆ ನಿಂತು, ಟವೆಲ್ ಎತ್ತಿ ಕೊಡವಿ, ಆಮೇಲೆ ಕೂರುತ್ತಿದ್ದ.

ಟವೆಲ್ ಬಿದ್ದ ಸೀಟು ಟವೆಲ್ಲಿನವನದು. ಇದು ಯಾವ ಕಾನೂನಿನ ಪುಸ್ತಕದಲ್ಲೂ ಬರೆದಿಲ್ಲ. ಹೆಲ್ಮೆಟ್ ಹಾಕದವರು, ಕ್ಯೂ ಮುರಿಯುವವರು, ಗೋಡೆಯ ಮೇಲೆ ಬರೆದ ಎಚ್ಚರಿಕೆಯ ಮೇಲೆಯೇ ಉಗುಳುವವರು ಎಲ್ಲರೂ ನಮ್ಮ ಕಡೆ ಇದ್ದಾರೆ. ಆದರೆ ಸೀಟಿನ ಮೇಲಿನ ಟವೆಲ್ಲನ್ನು ಎತ್ತಿ ಪಕ್ಕಕ್ಕಿಟ್ಟು ಕೂತವರನ್ನು ನಾನು ಕಂಡಿಲ್ಲ. ಜಗಳವಾದರೆ ಟವೆಲ್ ಮೊದಲು ಬಿತ್ತೋ ಕರ್ಚೀಫ್ ಮೊದಲು ಬಿತ್ತೋ ಎಂಬುದಕ್ಕೆ ಆಗುತ್ತದೆ, ಅಷ್ಟೆ.

ಒಂದು ಕಾಲದಲ್ಲಿ ನಾನೇ ಅಪ್ಪನ ಟವೆಲ್ ಆಗಿದ್ದೆ. ಐದಾರು ವರ್ಷದವಳಿರಬೇಕು. ಮನೆಯವರೆಲ್ಲ ಎಲ್ಲಿಗಾದರೂ ಹೊರಟರೆ ಒಂದು ಟವೆಲ್ಲಿಗೆ ಒಂದೇ ಸೀಟು, ಅದೇ ಮಗುವಾದರೆ ಮೂರು ಸೀಟು ಎಂಬುದು ಅಪ್ಪನ ಲೆಕ್ಕಾಚಾರ. ನನ್ನ ಎರಡು ಕಂಕುಳಿಗೆ ಕೈ ಕೊಟ್ಟು ಎತ್ತಿ ಕಿಟಕಿಯಿಂದ ಒಳಕ್ಕೆ ತೂರಿಸುತ್ತಿದ್ದ. ಒಳಗೆ ಬಿದ್ದ ಮೇಲೆ ನಾನು ಸೀಟಿನ ಉದ್ದಕ್ಕೂ ಕೈಕಾಲು ಚಾಚಿ ಮಲಗಿಬಿಡಬೇಕು, ಯಾರು ಏನು ಕೇಳಿದರೂ ‘ಅಪ್ಪ ಬತ್ತೈತೆ’ ಎಂದು ಅಳುಮುಖ ಮಾಡಬೇಕು. ಇದು ನನಗೆ ಬಾಯಿಪಾಠವಾಗಿತ್ತು. ಅಮ್ಮ ಮಾತ್ರ, ಹೆಣ್ಣು ಮಗಳನ್ನ ಹೀಗೆ ಮೂಟೆ ಎಸೆದಂಗೆ ಎಸೀತೀಯಲ್ಲ, ನಾಳೆ ಗಂಡಿನ ಕಡೆಯೋರು ನೋಡಿದ್ರೆ ಏನನ್ಕೊಂಡಾರು ಎಂದು ಬೈಯುತ್ತಿದ್ದಳು. ನನಗೆ ಆಗ ಒಂದನೇ ಕ್ಲಾಸು.

ಆಫೀಸಿನಲ್ಲಿಯೂ ಅಪ್ಪನದು ಸೀಟಿನ ಕೆಲಸವೇ. ಅವನ ಸಾಹೇಬರೊಬ್ಬರು ಬೆಳಿಗ್ಗೆ ಬಂದು ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿ ಮಾಯವಾದರೆ ಊಟದ ಹೊತ್ತು ಕಳೆದ ಮೇಲೆ ಕಾಣಿಸುತ್ತಿದ್ದರಂತೆ. ಬಂದವರಿಗೆ ಸಾಹೇಬರು ಸೀಟಲ್ಲಿಲ್ಲ ಎನ್ನುವುದು ಅಪ್ಪನ ಪ್ರಕಾರ ತಪ್ಪು. ಕೋಟು ಇದೆಯಲ್ಲ, ಸೀಟು ಹಿಡಿದೇ ಹೋಗಿದ್ದಾರೆ, ಬರುತ್ತಾರೆ. ಕೋಟು ಎಂದರೆ ಸಾಹೇಬರ ಟವೆಲ್ಲು.

ನಾನು ಕಾಲೇಜಿಗೆ ಸೇರುವ ಹೊತ್ತಿಗೆ ನನಗೆ ಇದೆಲ್ಲ ನಾಚಿಕೆಯಾಗತೊಡಗಿತ್ತು. ನಾನೂ ಅಪ್ಪನ ಜೊತೆ ಅದೇ ಬೆಳಗಿನ ಬಸ್ಸಿಗೆ ಹೋಗುತ್ತಿದ್ದೆ. ಅಪ್ಪ ಟವೆಲ್ ಬೀಸಲು ಓಡಿದರೆ ನಾನು ಅವನನ್ನು ಎಲ್ಲೂ ಕಂಡೇ ಇಲ್ಲದವಳ ಹಾಗೆ ಹಣ್ಣಿನ ಅಂಗಡಿಯ ಕಡೆ ತಿರುಗಿ ನಿಲ್ಲುತ್ತಿದ್ದೆ. ಆಮೇಲೆ ಅವನು ಹಿಡಿದ ಸೀಟಿನಲ್ಲಿ ಮಾತ್ರ ಹಾಯಾಗಿ ಕೂರುತ್ತಿದ್ದೆ. ಆ ವಿಷಯದಲ್ಲಿ ನನಗೆ ನಾಚಿಕೆ ಇರಲಿಲ್ಲ.

ಇಷ್ಟು ಹೇಳಿದ್ದು ಮೊನ್ನೆ ಮೊನ್ನೆ ನಡೆದ ಒಂದು ದಿನದ ಕತೆ ಹೇಳುವುದಕ್ಕೆ. ನನ್ನ ಮಗಳಿಗೆ ನರ್ಸಿಂಗ್ ಓದಬೇಕೆಂದು ಆಸೆ. ಅಪ್ಪ ಗುಬ್ಬಿಯಿಂದ ನಮ್ಮ ಮನೆಗೆ ಬಂದಾಗಲೆಲ್ಲ ಅವನ ಎಡ ಮೊಣಕಾಲಿಗೆ ಕ್ರೇಪ್ ಬ್ಯಾಂಡೇಜು ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು ಅವಳದೇ ಕೆಲಸ. ಆ ಮೊಣಕಾಲು ಸವೆದು ಹೋಗಿದೆ, ಹತ್ತು ನಿಮಿಷ ನಿಂತರೆ ಊದಿಕೊಳ್ಳುತ್ತದೆ. ತಾತನ ಕಾಲಿನ ಮೇಲೆಯೇ ಅರ್ಧ ಕೋರ್ಸು ಮುಗಿಸಿದ್ದಾಳೆ ಎಂದು ಮನೆಯಲ್ಲಿ ತಮಾಷೆ ಮಾಡುತ್ತೇವೆ. ತುಮಕೂರಿನ ಒಂದು ಕಾಲೇಜಿನ ಎರಡನೇ ಪಟ್ಟಿಯಲ್ಲಿ ಕಟ್ಟಕಡೆಗೆ ಅವಳ ಹೆಸರು ಬಂದಿತ್ತು. ಇಂಥ ದಿನ ಸಾಯಂಕಾಲ ನಾಲ್ಕು ಗಂಟೆಯೊಳಗೆ ಅಸಲು ಮಾರ್ಕ್ಸ್ ಕಾರ್ಡು, ಟಿಸಿ ಎಲ್ಲ ಹಿಡಿದುಕೊಂಡು ಖುದ್ದಾಗಿ ಹಾಜರಾಗಬೇಕು. ಇಲ್ಲವಾದರೆ ಸೀಟು ಬೇರೆಯವರಿಗೆ. ಇನ್ನೊಂದು ಪಟ್ಟಿ ಇರಲಿಲ್ಲ. ಬೇರೆ ಕಡೆ ಓದಿಸುವ ಶಕ್ತಿ ನಮಗೂ ಇರಲಿಲ್ಲ.

ಯಜಮಾನರು ಟ್ರೈನಿಂಗ್ ಎಂದು ಬೇರೆ ಊರಿಗೆ ಹೋಗಿದ್ದರು. ಅಪ್ಪ ನಮ್ಮ ಮನೆಯಲ್ಲೇ ಇದ್ದ. ನಾನೂ ಬರುತ್ತೇನೆ, ತುಮಕೂರಿನಲ್ಲಿ ನನಗೆ ಗೊತ್ತಿಲ್ಲದ ಆಫೀಸಿಲ್ಲ ಎಂದು ಹೊಸ ಪಂಚೆ ಉಟ್ಟು ಬೆಳಿಗ್ಗೆ ಎಂಟಕ್ಕೇ ತಯಾರಾಗಿ ಜಗಲಿಯ ಮೇಲೆ ಕೂತುಬಿಟ್ಟ. ಹೆಗಲ ಮೇಲೆ ಅದೇ ಹಸಿರು ಅಂಚಿನ ಟವೆಲ್ಲು. ಅದೇ ಎಂದರೆ ಅದೇ ಅಲ್ಲ, ಅದರ ಮೊಮ್ಮಗ ಇರಬಹುದು. ಅಪ್ಪ ಹಸಿರು ಅಂಚು ಬಿಟ್ಟು ಬೇರೆ ಕೊಳ್ಳುವುದಿಲ್ಲ.

ದಾಖಲೆಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಫೈಲಿಗೆ ಹಾಕಿ, ಫೈಲನ್ನು ಬಟ್ಟೆ ಅಂಗಡಿಯವರು ಕೊಟ್ಟ ದಪ್ಪ ಕೈಚೀಲಕ್ಕೆ ಹಾಕಿ, ಅದರ ಮೇಲೆ ಚಿತ್ರಾನ್ನದ ಡಬ್ಬಿ ಇಟ್ಟೆ. ಹನ್ನೊಂದೂವರೆಗೆ ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿದ್ದೆವು. ತುಮಕೂರಿಗೆ ಒಂದು ಗಂಟೆಯ ದಾರಿ, ಹೊತ್ತು ಬೇಕಾದಷ್ಟಿತ್ತು. ಅಷ್ಟರಲ್ಲಿ ಮಗಳಿಗೆ ಪಾಸ್‌ಪೋರ್ಟ್ ಸೈಜಿನ ಫೋಟೋ ಎರಡೇ ಇವೆ, ಸಾಲದೆ ಹೋದರೆ ಏನು ಗತಿ ಎಂದು ಯೋಚನೆ ಹತ್ತಿತು. ಸ್ಟ್ಯಾಂಡಿನ ಎದುರಿಗೇ ಸ್ಟುಡಿಯೋ. ಚೀಲವನ್ನು ಅಪ್ಪನ ತೊಡೆಯ ಮೇಲಿಟ್ಟು, ಇದನ್ನು ಕೈಯಿಂದ ಕೆಳಗಿಡಬೇಡ, ಅವಳ ಜೀವನ ಇದರೊಳಗಿದೆ ಎಂದು ಹೇಳಿ ರಸ್ತೆ ದಾಟಿದೆವು.

ಕೆಳಗಿಡಬೇಡ ಎಂದಿದ್ದೆ. ಎಸೆಯಬೇಡ ಎಂದು ಹೇಳಿರಲಿಲ್ಲ.

ಹತ್ತು ನಿಮಿಷಕ್ಕೆ ವಾಪಸು ಬಂದರೆ ಅಪ್ಪ ಎದ್ದು ನಿಂತಿದ್ದ. ಮುಖದಲ್ಲಿ ಬೆಳದಿಂಗಳು. ಕೈಯಲ್ಲಿ ಚೀಲವಿಲ್ಲ.

“ಮೂರು ಸೀಟೂ ಹಿಡ್ದಿದೀನಿ ಕಣಮ್ಮ. ಕಿಟಕಿ ಪಕ್ಕ. ಟವೆಲ್ಲು ಮೂರು ಜನಕ್ಕೆ ಸಾಕಾಗಕಿಲ್ಲ ಅಂತ ಚೀಲನೇ ಹಾಕ್ದೆ.”

ಬಸ್ಸೆಲ್ಲಿ ಎಂದು ಕೇಳಿದೆ. ತಿರುಗಿಸಿಕೊಂಡು ಬರುತ್ತಾನೆ ಎಂದು ಅಪ್ಪ ಸ್ಟ್ಯಾಂಡಿನ ಬಾಗಿಲ ಕಡೆ ಕೈ ತೋರಿಸಿದ. ಅಲ್ಲಿ ಬರೀ ಧೂಳಿತ್ತು. ಐದು ನಿಮಿಷ ಕಾದೆವು. ಬಸ್ಸು ತಿರುಗಲಿಲ್ಲ. ಪಕ್ಕದಲ್ಲಿ ಹೂವು ಕಟ್ಟುತ್ತಿದ್ದ ಹೆಂಗಸು ದಾರವನ್ನು ಹಲ್ಲಲ್ಲಿ ಕಚ್ಚಿಕೊಂಡೇ, ಅದು ತುಮಕೂರಿಂದ ಬಂದ ಬಸ್ಸು, ಹುತ್ರಿದುರ್ಗಕ್ಕೆ ಹೋಯ್ತು ಎಂದಳು. ತುಮಕೂರು ಎಂಬ ಬೋರ್ಡನ್ನು ಕಂಡಕ್ಟರು ಇನ್ನೂ ತಿರುಗಿಸಿರಲಿಲ್ಲ. ಅದನ್ನು ನೋಡಿದ ಕೂಡಲೇ ಅಪ್ಪನ ಕಾಲಿಗೆ ವಯಸ್ಸು ಮರೆತುಹೋಗಿ, ನಿಧಾನಕ್ಕೆ ಹೋಗುತ್ತಿದ್ದ ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿ ಎಸೆದಿದ್ದಾನೆ. ಗುರಿ ತಪ್ಪಿರಲಿಲ್ಲ. ಬಸ್ಸು ತಪ್ಪಿತ್ತು.

ಕಂಟ್ರೋಲರ್ ರೂಮಿಗೆ ಓಡಿದೆ. ಕುರ್ಚಿಯ ಮೇಲೆ ಒಂದು ರಿಜಿಸ್ಟರ್ ಇಟ್ಟು ಅವರು ಎಲ್ಲಿಗೋ ಹೋಗಿದ್ದರು. ಸೀಟು ಹಿಡಿದು ಹೋಗಿದ್ದರು.

ಆಗ ನಾನು ಅಪ್ಪನಿಗೆ ಅಂದ ಮಾತನ್ನು ಇಲ್ಲಿ ಬರೆಯಲೇಬೇಕು. ಬರೆಯದೆ ಬಿಟ್ಟರೆ ಇದೆಲ್ಲ ಬರೀ ತಮಾಷೆಯ ಕತೆಯಾಗುತ್ತದೆ, ನಾನು ಒಳ್ಳೆಯವಳಾಗಿ ಉಳಿದುಬಿಡುತ್ತೇನೆ. ಸ್ಟ್ಯಾಂಡಿನ ನಡುವೆ, ಹೂವಿನವಳ ಮುಂದೆ, ನನ್ನ ಮಗಳ ಮುಂದೆ, ನಾನು ಅಪ್ಪನಿಗೆ ಹೇಳಿದೆ:

“ನಿನ್ನ ಸೀಟಿನ ಹುಚ್ಚಿಗೆ ನನ್ನ ಮಗಳ ಸೀಟು ಹೋಯ್ತು. ಬದುಕಿಡೀ ಒಂದು ಬಸ್ ಸೀಟು ಬಿಟ್ಟು ಇನ್ನೇನು ಸಂಪಾದಿಸಿದೀಯ ನೀನು?”

ಅಪ್ಪ ಹೆಗಲ ಮೇಲಿದ್ದ ಟವೆಲ್ಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ. ಮಗಳು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಅವಳ ಸೀಟಿಗಾಗಿ ನಾನು ಬೈದಿದ್ದೆ, ಅವಳಿಗೇ ಆ ಬೈಗುಳ ಬೇಕಿರಲಿಲ್ಲ.

ಒಂದು ಆಟೋ ಗೊತ್ತು ಮಾಡಿದೆ. ಅಪ್ಪನ ಕೈಗೆ ಮನೆಯ ಬೀಗದ ಕೈ ಕೊಟ್ಟು, ಮನೆಗೆ ಹೋಗಿರು ಎಂದೆ. ಕೊಟ್ಟ ರೀತಿಯೂ ಒಳ್ಳೆಯದಾಗಿರಲಿಲ್ಲ. ಅಪ್ಪ ಬೀಗದ ಕೈ ತೆಗೆದುಕೊಂಡು ಆಟೋ ಕಡೆ ನೋಡದೆ ನಿಂತ.

ಹುತ್ರಿದುರ್ಗದ ದಾರಿಯಲ್ಲಿ ಆಟೋ ಹಾರಿ ಬೀಳುತ್ತಿತ್ತು. ಹೊಲಗಳಲ್ಲಿ ರಾಗಿ ಹಸಿರಾಗಿ ನಿಂತಿತ್ತೋ ಇಲ್ಲವೋ ನಾನು ನೋಡಲಿಲ್ಲ. ನನ್ನ ತಲೆಯಲ್ಲಿ ಓಡುತ್ತಿದ್ದುದು ಒಂದೇ. ಆ ಚೀಲವನ್ನು ಯಾರಾದರೂ ಎತ್ತಿಕೊಂಡು ಇಳಿದಿರುತ್ತಾರೆ. ಚಿತ್ರಾನ್ನ ತಿಂದು, ಡಬ್ಬಿ ಇಟ್ಟುಕೊಂಡು, ಫೈಲನ್ನು ಬೇಲಿಗೆ ಬಿಸಾಕಿರುತ್ತಾರೆ. ಮಗಳು ನನ್ನ ಕೈಯನ್ನು ಹಿಡಿದುಕೊಂಡು, ಸಿಗುತ್ತೆ ಬಿಡಮ್ಮ ಎನ್ನುತ್ತಿದ್ದಳು. ನರ್ಸ್ ಆಗುವವಳ ಸಮಾಧಾನ ಅದು, ರೋಗಿಗೆ ಹೇಳುವಂಥದ್ದು. ಡ್ರೈವರು ಒಂದೆರಡು ಕಡೆ ನಿಲ್ಲಿಸಿ ಬಸ್ಸು ಹೋಯ್ತಾ ಎಂದು ವಿಚಾರಿಸಿದ. ಹೋಗಿ ಅರ್ಧ ಗಂಟೆಯಾಯ್ತು ಎಂದರು.

ಬೆಟ್ಟದ ಬುಡದ ಊರಿನಲ್ಲಿ ಬಸ್ಸು ಮರದ ನೆರಳಿಗೆ ನಿಂತಿತ್ತು. ಡ್ರೈವರ್ ಸ್ಟೇರಿಂಗಿಗೆ ತಲೆ ಕೊಟ್ಟು ಮಲಗಿದ್ದ. ಕಂಡಕ್ಟರು ಕಟ್ಟೆಯ ಮೇಲೆ ಟೀ ಕುಡಿಯುತ್ತಿದ್ದ. ನಾನು ಬಾಗಿಲಿಗೆ ಹಾರಿದೆ. ಪ್ರಯಾಣಿಕರು ಯಾರೂ ಇಲ್ಲ, ಒಬ್ಬ ಅಜ್ಜಿಯನ್ನು ಬಿಟ್ಟು. ಮೂರನೇ ಸಾಲಿನ ಮೂರು ಜನರ ಸೀಟಿನ ಮೇಲೆ ನಮ್ಮ ಚೀಲ, ಕಿಟಕಿಯ ಪಕ್ಕ, ಗಂಭೀರವಾಗಿ ಕೂತಿತ್ತು. ಅಜ್ಜಿ ಅದರ ಎದುರಿನ ಸೀಟಿನ ಅಂಚಿನಲ್ಲಿ ಕೂತು ಅದನ್ನೇ ನೋಡುತ್ತಿದ್ದಳು.

ಚೀಲ ನಿಮ್ಮದಾ ಎಂದು ಕೇಳಿದಳು. ಹೌದೆಂದೆ. ಅಜ್ಜಿಗೆ ಸಿಟ್ಟು ಬಂತು.

“ಸೀಟ್ ಹಿಡ್ದ್ ಮ್ಯಾಲೆ ಬಂದು ಕೂತ್ಕಬೇಕಪ್ಪ. ಕುಣಿಗಲ್ಲಿಂದ ನಿಂತ್ಕಂಡ್ ಬಂದಿದೀನಿ. ಯಾರೋ ಹಿಡ್ದವ್ರೆ, ಹಿಂದ್ಗಡೆಯಿಂದ ಹತ್ತಿರ್ತಾರೆ, ಈಗ್ ಬತ್ತಾರೆ, ಆಗ್ ಬತ್ತಾರೆ ಅಂತ.”

ಕಂಡಕ್ಟರು ಟೀ ಲೋಟ ಹಿಡಿದೇ ಬಂದು ಉಳಿದದ್ದನ್ನು ಹೇಳಿದ. ಬಸ್ಸು ತುಂಬಾ ರಶ್ಶಿತ್ತಂತೆ. ಜನ ಬಾಗಿಲಲ್ಲಿ ಜೋತು ಬಿದ್ದಿದ್ದರಂತೆ. ಆದರೂ ಮೂರು ಜನರ ಸೀಟು ಖಾಲಿಯೇ ಬಂತಂತೆ, ಚೀಲ ಇತ್ತಲ್ಲ ಅದಕ್ಕೆ. ದಾರಿಯಲ್ಲಿ ಒಬ್ಬ ಕೂರಲು ಹೋದಾಗ ಈ ಅಜ್ಜಿಯೇ ಗದರಿಸಿ ಎಬ್ಬಿಸಿದಳಂತೆ. ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದ ಮೇಲೆಯೂ ಚೀಲದ ಒಡೆಯರು ಬರದೆ ಇದ್ದಾಗ, ಅಜ್ಜಿಗೆ ಹಾಗೇ ಬಿಟ್ಟು ಮನೆಗೆ ಹೋಗಲು ಮನಸ್ಸು ಒಪ್ಪಲಿಲ್ಲವಂತೆ. ಚೀಲಕ್ಕೂ ಅರ್ಧ ಟಿಕೆಟ್ ಹರೀಬೇಕು ಅಂತಿದ್ದೆ ಎಂದು ಕಂಡಕ್ಟರು ನಕ್ಕ.

ಚಿತ್ರಾನ್ನದ ಡಬ್ಬಿಯನ್ನು ಅಜ್ಜಿಯ ಕೈಗಿಟ್ಟೆ. ಡಬ್ಬಿ ಎಲ್ಲಿ ವಾಪಸು ಕೊಡಲಿ ಎಂದು ಕೇಳಿದಳು. ನಾನು ಅವಳ ಕೈ ಹಿಡಿದುಕೊಂಡೆ. ಯಾವುದಕ್ಕೆ ಅಪ್ಪನನ್ನು ಹುಚ್ಚ ಎಂದಿದ್ದೆನೋ ಅದೇ ಹುಚ್ಚು ಒಂದು ಬಸ್ಸಿನ ತುಂಬ ಜನರಿಗೆ ಇದ್ದದ್ದರಿಂದ ಮಾರ್ಕ್ಸ್ ಕಾರ್ಡು ನನ್ನ ಕೈಯಲ್ಲಿತ್ತು.

ಅದೇ ಆಟೋದಲ್ಲಿ ಕುಣಿಗಲ್‌ಗೆ ವಾಪಸು ಬರುವ ಹೊತ್ತಿಗೆ ಎರಡೂ ಕಾಲು. ಅಪ್ಪನನ್ನು ಕರೆದುಕೊಂಡೇ ಹೋಗೋಣ, ದಾರಿಯಲ್ಲಿ ಅಜ್ಜಿಯ ಕತೆ ಹೇಳೋಣ ಎಂದು ಫೋನ್ ಮಾಡಿದೆ. ಅಪ್ಪನ ಫೋನು ಸ್ವಿಚ್ ಆಫ್. ಪಕ್ಕದ ಮನೆಯವರಿಗೆ ಮಾಡಿದರೆ, ನಿಮ್ಮ ಮನೆ ಬೀಗ ಹಾಕಿದೆ, ಯಾರೂ ಬಂದಿಲ್ಲ ಎಂದರು. ಸ್ಟ್ಯಾಂಡಿನಲ್ಲಿ ಹುಡುಕಿದೆವು. ಹೂವಿನವಳು, ನೀವು ಹೋದ ಹಿಂದೇನೇ ಎದ್ದು ಹೋಯ್ತು ಆ ಯಜಮಾನ ಎಂದಳು. ಯಾವ ಕಡೆ ಎಂದು ಅವಳು ನೋಡಿರಲಿಲ್ಲ.

ಸಿಟ್ಟಿನಿಂದ ಗುಬ್ಬಿಗೆ ಹೋಗಿಬಿಟ್ಟನೋ, ಎಲ್ಲಾದರೂ ಒಬ್ಬನೇ ಕೂತಿದ್ದಾನೋ. ಒಂದು ಕಡೆ ನಾಲ್ಕು ಗಂಟೆ, ಇನ್ನೊಂದು ಕಡೆ ಅಪ್ಪ. ಮಗಳು, ನೀನು ತಾತನ್ನ ಹುಡುಕು, ನಾನು ಒಬ್ಬಳೇ ಹೋಗ್ತೀನಿ ಎಂದಳು. ಕಾಲೇಜಿನಲ್ಲಿ ತಂದೆಯೋ ತಾಯಿಯೋ ಸಹಿ ಹಾಕಬೇಕಿತ್ತು. ಬಸ್ಸು ಬಂತು. ಕೈಯಲ್ಲಿ ಚೀಲವಿತ್ತು, ಕಿಟಕಿ ತೆರೆದಿತ್ತು. ಎಸೆಯುವ ಧೈರ್ಯ ಇಬ್ಬರಿಗೂ ಬರಲಿಲ್ಲ. ತುಮಕೂರಿನವರೆಗೂ ನಿಂತೇ ಹೋದೆವು, ಮಗಳು ಚೀಲವನ್ನು ಕೂಸಿನ ಹಾಗೆ ಎದೆಗವಚಿಕೊಂಡು.

ಗೂಳೂರು ಬರುವ ಹೊತ್ತಿಗೆ ಮೂರು ಮುಕ್ಕಾಲಾಗಿತ್ತು. ಅಲ್ಲಿ ಒಂದು ತೆಂಗಿನಕಾಯಿ ಲಾರಿ ಅಡ್ಡ ನಿಂತು ರಸ್ತೆಯೇ ಕಟ್ಟಿತ್ತು. ನಾನು ಗಡಿಯಾರ ನೋಡುವುದನ್ನು ಬಿಟ್ಟೆ. ಊರು ಸೇರಿ, ಆಟೋ ಹಿಡಿದು, ಕಾಲೇಜಿನ ಗೇಟಿನಲ್ಲಿ ಇಳಿದಾಗ ನಾಲ್ಕು ದಾಟಿ ಹತ್ತು ನಿಮಿಷವಾಗಿತ್ತು. ಇನ್ನೇನು, ಮುಗಿಯಿತು ಎಂದುಕೊಂಡೇ ಮೆಟ್ಟಿಲು ಹತ್ತಿದೆ.

ಮೇಲಿನ ಉದ್ದನೆಯ ವರಾಂಡದಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಬಂದವರು ಅವುಗಳ ಮೇಲೆ ಕೂತು ಒಂದೊಂದೇ ಮುಂದೆ ಸರಿಯುತ್ತಾ ಗುಮಾಸ್ತರ ಮೇಜು ತಲುಪಬೇಕು. ಈಗ ಸಾಲು ಖಾಲಿಯಾಗಿತ್ತು. ಮೇಜಿನ ಹಿಂದೆ ಗುಮಾಸ್ತರು ಕೂತಿದ್ದರು, ಎದುರಿಗೆ ರಿಜಿಸ್ಟರು ತೆರೆದೇ ಇತ್ತು. ಮೇಜಿನ ಮುಂದಿನ ಕುರ್ಚಿಯ ಮೇಲೆ ಹಸಿರು ಅಂಚಿನ ಟವೆಲ್ಲು.

ಕುರ್ಚಿಯ ಪಕ್ಕದಲ್ಲಿ ಕಿಟಕಿಯ ಸರಳು ಹಿಡಿದು ಅಪ್ಪ ನಿಂತಿದ್ದ. ಎಡಗಾಲನ್ನು ಸ್ವಲ್ಪ ಮಡಚಿ, ಭಾರವನ್ನೆಲ್ಲ ಬಲಗಾಲಿಗೆ ಕೊಟ್ಟು.

ಗುಮಾಸ್ತರು ತಲೆಯೆತ್ತಿ, ಬಂದ್ರಾ ಎಂದರು. ಬಹಳ ದಿನದ ಪರಿಚಯದವರ ಹಾಗೆ. ಅವರು ಹೇಳಿದ್ದು ಇಷ್ಟು. ಈ ಯಜಮಾನರು ಒಂದೂವರೆಗೆ ಬಂದು ಕೊನೆಯ ಕುರ್ಚಿಯ ಮೇಲೆ ಟವೆಲ್ ಹಾಕಿ, ನಮ್ಮ ಮೊಮ್ಮಗಳ ಸೀಟು, ಇಂಗ್ಲಿಷ್ ಮೇಡಮ್ಮನ ಮಗಳದು ಎಂದು ಸಾಲಿನವರಿಗೆಲ್ಲ ಹೇಳಿ ಪಕ್ಕದಲ್ಲಿ ನಿಂತರಂತೆ. ಸಾಲು ಸರಿದ ಹಾಗೆ ಟವೆಲ್ಲನ್ನೂ ಒಂದೊಂದು ಕುರ್ಚಿ ಮುಂದೆ ಸರಿಸುತ್ತಾ ಬಂದರಂತೆ. ಸರದಿ ಬಂದಾಗ ಟವೆಲ್ ಎತ್ತಿಕೊಂಡು ಹಿಂದಿನವರಿಗೆ ಜಾಗ ಬಿಟ್ಟು, ಮತ್ತೆ ಕೊನೆಯ ಕುರ್ಚಿಗೆ ಹೋಗಿ ಹಾಕಿದರಂತೆ. ಹೀಗೆ ಮೂರು ಸಲ. ಬಸ್ಸಿಗೆ ಚೀಲ ಎಸೆದ ಕತೆಯನ್ನು, ಅದು ತನ್ನದೇ ತಪ್ಪು ಎಂಬುದನ್ನು, ಯಾರು ಕೇಳಲಿ ಬಿಡಲಿ, ವರಾಂಡದಲ್ಲಿದ್ದವರಿಗೆಲ್ಲ ಹೇಳಿದರಂತೆ. ನಾಲ್ಕು ಹೊಡೆದಾಗ ಉಳಿದದ್ದು ಟವೆಲ್ಲು ಒಂದೇ.

ನಾನು, ತಡವಾಗಿದೆ, ಗೊತ್ತು ಸಾರ್, ಆದರೆ ಎಂದು ಏನೋ ತೊದಲಿದೆ. ಗುಮಾಸ್ತರು ನಮ್ಮ ಫೈಲಿಗೆ ಕೈ ಚಾಚಿದರು.

“ನಾನೂ ದಿನಾ ಗುಬ್ಬಿಯಿಂದ ಓಡಾಡೋನೇ ಕಣಮ್ಮ. ಟವೆಲ್ ಹಾಕಿರೋ ಸೀಟು ಎತ್ತಿ ಬೇರೆಯವ್ರಿಗೆ ಕೊಟ್ರೆ ನಾಳೆ ಬೆಳಿಗ್ಗೆ ಸ್ಟ್ಯಾಂಡಲ್ಲಿ ಯಾವ ಮುಖ ಇಟ್ಕಂಡು ನಿಂತ್ಕಳಲಿ?”

ಮಗಳು ಫೈಲು ಕೊಟ್ಟಳು. ಕೊಟ್ಟವಳು ಕುರ್ಚಿಯಲ್ಲಿ ಕೂರಲಿಲ್ಲ, ತಾತನ ಮೊಣಕಾಲು ನೋಡುತ್ತಿದ್ದಳು. ಪಂಚೆಯ ಮೇಲಿಂದಲೇ ಅದು ಊದಿರುವುದು ಕಾಣುತ್ತಿತ್ತು. ಎರಡೂವರೆ ಗಂಟೆ ನಿಂತಿದ್ದೀಯ, ಕುರ್ಚಿ ನಿನ್ನ ಪಕ್ಕದಲ್ಲೇ ಇತ್ತು, ಅದರ ಮೇಲೆ ನೀನೇ ಕೂತ್ಕೊಂಡು ಕಾಯೋಕೆ ಆಗ್ತಿರಲಿಲ್ವಾ ತಾತ ಎಂದು ಅವಳು ಗದರಿದಳು.

ಅಪ್ಪ ಅವಳ ಕಡೆ ನೋಡಿ ಹೇಳಿದ, ನನ್ನ ಕಡೆ ನೋಡಲಿಲ್ಲ.

“ನಾನು ಕೂತ್ಕಂಡ್ರೆ ಅದು ನನ್ ಸೀಟಾಯ್ತದೆ ಪುಟ್ಟಿ. ಅದು ನಿಂದು.”

ಟವೆಲ್ ಎತ್ತಿ ಒಮ್ಮೆ ಕೊಡವಿದ. ಮಗಳು ಕೂತಳು. ನಾನು ಸಹಿ ಹಾಕುವಾಗ ಕಣ್ಣು ಮಂಜಾಗಿ ಗೆರೆ ಬಿಟ್ಟು ಎಲ್ಲೋ ಹಾಕಿದೆ. ಗುಮಾಸ್ತರು, ಇಂಗ್ಲಿಷ್ ಮೇಡಂ ಸಹಿನೂ ಸೀಟಲ್ಲಿಲ್ವಲ್ಲ ಎಂದು ಬೆರಳಿಟ್ಟು ಜಾಗ ತೋರಿಸಿ ಮತ್ತೆ ಹಾಕಿಸಿದರು. ರಿಜಿಸ್ಟರಿನ ಕಟ್ಟಕಡೆಯ ಸಾಲಿನಲ್ಲಿ ನನ್ನ ಮಗಳ ಹೆಸರು ಬಂತು.

ಸಾಯಂಕಾಲದ ಬಸ್ ಸ್ಟ್ಯಾಂಡು ಹೇಗಿರುತ್ತದೆಂದು ತುಮಕೂರಿನವರಿಗೆ ಹೇಳಬೇಕಾಗಿಲ್ಲ. ಮಗಳು ತಾತನನ್ನು ಒಂದು ಕಲ್ಲುಬೆಂಚಿನ ಮೇಲೆ ಕೂರಿಸಿ, ಅಂಗಡಿಯಿಂದ ಕ್ರೇಪ್ ಬ್ಯಾಂಡೇಜು ತಂದು ಎಲ್ಲರೆದುರೇ ಕಾಲಿಗೆ ಸುತ್ತುತ್ತಿದ್ದಳು. ಅಪ್ಪ ನನ್ನ ಜೊತೆ ಇನ್ನೂ ಮಾತಾಡಿರಲಿಲ್ಲ. ಕಾಲೇಜಿನ ಮೆಟ್ಟಿಲಿಳಿಯುವಾಗ, ತಪ್ಪಾಯ್ತಪ್ಪಾ, ಹಾಗನ್ನಬಾರದಿತ್ತು ಎಂದು ಹೇಳಿದ್ದೆ. ಅವನು ಮೆಟ್ಟಿಲು ನೋಡಿಕೊಂಡು ಇಳಿದಿದ್ದ. ಅಜ್ಜಿಯ ಕತೆಯನ್ನು ಹೇಳಿದಾಗ ಮಾತ್ರ ಒಂದು ಸಲ ತಲೆಯಾಡಿಸಿದ್ದ, ನಿನ್ನ ಟೀಚರಿಕೆಗಿಂತ ಆ ಅಜ್ಜಿ ಮೇಲು ಎಂಬ ಹಾಗೆ.

ಕುಣಿಗಲ್ ಬಸ್ಸು ತಿರುಗಿತು. ಈ ಸಲ ಬೋರ್ಡನ್ನು ಎರಡು ಸಲ ಓದಿದೆ. ಆಮೇಲೆ ಅಪ್ಪನ ಹೆಗಲ ಮೇಲಿನ ಟವೆಲ್ಲನ್ನು ಎಳೆದುಕೊಂಡು ಓಡಿದೆ. ಸೀರೆ ಉಟ್ಟುಕೊಂಡು, ಐವತ್ತರ ಹತ್ತಿರದ ವಯಸ್ಸಿನಲ್ಲಿ, ನನ್ನ ಹಳೆಯ ವಿದ್ಯಾರ್ಥಿನಿಯರಿಬ್ಬರು ಬಾಯಿ ಬಿಟ್ಟುಕೊಂಡು ನೋಡುತ್ತಿರುವಾಗ, ಬಸ್ಸಿನ ಜೊತೆ ಓಡಿ ಕಿಟಕಿಯೊಳಕ್ಕೆ ಎಸೆದೆ. ಮೊದಲ ಸಲ ಅದು ಗಾಜಿಗೆ ತಗುಲಿ ನನ್ನ ಮುಖಕ್ಕೇ ಬಿತ್ತು. ಎರಡನೇ ಸಲ ಒಳಗೆ ಹೋಯಿತು. ಅಷ್ಟು ಹೊತ್ತಿಗೆ ಇಬ್ಬರ ಸೀಟಿನಲ್ಲಿ ಒಂದು ಕಡೆ ಯಾರದೋ ಕೊಡೆ ಬಿದ್ದಾಗಿತ್ತು. ನನ್ನ ಟವೆಲ್ಲಿಗೆ ಸಿಕ್ಕಿದ್ದು ಒಂದೇ ಸೀಟು.

ಅಪ್ಪನನ್ನು ಅದರಲ್ಲಿ ಕೂರಿಸಿದೆವು. ಕೂರುವುದಕ್ಕೆ ಮುಂಚೆ ಅವನು ಟವೆಲ್ಲನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದ. ಮಗಳಿಗೆ ಹಿಂದುಗಡೆ ಯಾರೋ ಒಬ್ಬರು ಜರುಗಿ ಜಾಗ ಕೊಟ್ಟರು. ನಾನು ಕಂಬಿ ಹಿಡಿದು ಅಪ್ಪನ ಪಕ್ಕ ನಿಂತೆ. ನಿಂತದ್ದು ನನಗೆ ಸರಿಯಾಗಿಯೇ ಇತ್ತು. ಬಸ್ಸು ಊರು ಬಿಟ್ಟಿತು. ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ.

ಗೂಳೂರಿನಲ್ಲಿ ಕೊಡೆಯವರು ಇಳಿಯಲು ಎದ್ದರು. ಅವರು ಪೂರ್ತಿ ಎದ್ದೇ ಇರಲಿಲ್ಲ, ಹಿಂದಿನಿಂದ ಇಬ್ಬರು ಮುಂದಕ್ಕೆ ನುಗ್ಗಿದರು. ಅಷ್ಟರಲ್ಲಿ ಅಪ್ಪ ಟವೆಲ್ಲನ್ನು ಪಟ್ಟನೆ ಆ ಸೀಟಿನ ಮೇಲೆ ಹಾಕಿ, ಅದರ ಮೇಲೆ ಅಂಗೈ ಊರಿದ. ನುಗ್ಗಿದವರು ಟವೆಲ್ ನೋಡಿ ಹಿಂದೆ ಸರಿದರು. ಅಪ್ಪ ತಲೆಯೆತ್ತಿ ನನ್ನನ್ನು ನೋಡಿದ. ಕುಣಿಗಲ್ ಸ್ಟ್ಯಾಂಡಿನಲ್ಲಿ ನಾನು ಆ ಮಾತು ಅಂದಾಗಿನಿಂದ ಅವನು ನನ್ನ ಹತ್ತಿರ ಆಡಿದ ಮೊದಲ ಮಾತು ಅದು.

“ಬಾ, ಕೂತ್ಕ.”